ವಸ್ತುವಿನ ಹಿಂದೆ ಯಾವ ಬಣ್ಣ?

ಚಿಕ್ಕ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಉತ್ಪನ್ನಗಳ ಚಿತ್ರ ತೆಗೆಯುವ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿನ್ನೆಲೆಯ ಬಣ್ಣವನ್ನು ಕುರಿತವು. ಆದ್ದರಿಂದ ಈ ಕಂತನ್ನು ಪೂರ್ತಿಯಾಗಿ ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ, ಉದ್ದನೆಯ ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನಾನು ಕೈಯಿಂದ ಹೊಲಿದ ಚರ್ಮದ ಚೀಲಗಳನ್ನು ಮಾರುತ್ತೇನೆ. ಚಿತ್ರ ತೆಗೆಯಲು ಒಂದು ಮೇಜು, ಎರಡು ದೀಪ ಹೊಂದಿಸಿಕೊಂಡಿದ್ದೇನೆ, ಹಿನ್ನೆಲೆಗೆಂದು ಒಂಬತ್ತು ಬಣ್ಣದ ಕಾಗದಗಳನ್ನು ಕೊಂಡಿದ್ದೇನೆ. ಆದರೂ ಚೀಲ ಎದ್ದು ಕಾಣುವುದಿಲ್ಲ. ನಾನು ಯಾವ ಬಣ್ಣ ಕೊಳ್ಳಬೇಕಾಗಿತ್ತು?

ಉತ್ತರ: ನೀವು ಪತ್ರದೊಂದಿಗೆ ಕಳುಹಿಸಿದ ಆರು ಚಿತ್ರಗಳಿಂದ ಬಣ್ಣವನ್ನು ತೆಗೆದುಹಾಕಿ ಕಪ್ಪು-ಬಿಳುಪಿನಲ್ಲಿ ನೋಡಿದೆ. ಐದರಲ್ಲಿ ಚೀಲವೂ ಕಾಗದವೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣಕ್ಕೆ ಇಳಿದು, ಚೀಲದ ಅಂಚು ಎಲ್ಲಿ ಮುಗಿಯುತ್ತದೆ, ಕಾಗದ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕಾಯಿತು. ಚರ್ಮದ ಕಂದು, ಎಲೆಹಸಿರು, ಇಟ್ಟಿಗೆಗೆಂಪು, ನೀಲಿ ಇವೆಲ್ಲ ಹೆಸರಿನಲ್ಲಿ ಬೇರೆ ಬೇರೆಯಾದರೂ ನೀವು ಆರಿಸಿಕೊಂಡ ಛಾಯೆಗಳಲ್ಲಿ ತಿಳಿ-ಗಾಢದ ಲೆಕ್ಕಕ್ಕೆ ಅವೆಲ್ಲ ಒಂದೇ ಮಟ್ಟದವು. ಆರನೆಯ ಚಿತ್ರದಲ್ಲಿ ಮಾತ್ರ ಕಾಗದ ತಿಳಿ ಮರಳಿನ ಬಣ್ಣದ್ದು. ಅದರಲ್ಲಿ ಚೀಲದ ಹಿಡಿಕೆ, ಹೊಲಿಗೆಯ ಸಾಲು, ಮುಚ್ಚಳದ ಬಾಗು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ.

ಹಿನ್ನೆಲೆಯನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಯಾವ ಬಣ್ಣ ಎಂಬುದಲ್ಲ, ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬುದು. ವಸ್ತುವಿನ ಆಕಾರವನ್ನು ನಮ್ಮ ಕಣ್ಣು ಹಿಡಿಯುವುದು ಬಹುಮಟ್ಟಿಗೆ ಬೆಳಕಿನ ವ್ಯತ್ಯಾಸದಿಂದ. ಬಣ್ಣದ ವ್ಯತ್ಯಾಸ ಆಮೇಲೆ ಸೇರಿಕೊಳ್ಳುವ ಸೊಗಸು. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ಕಾಣಲಾಗದ ಜನರೂ ನಿಮ್ಮ ಗ್ರಾಹಕರಲ್ಲಿ ಇರುತ್ತಾರೆ, ಅವರಿಗೆ ತಿಳಿ-ಗಾಢದ ಅಂತರವೊಂದೇ ಆಧಾರ. ಕಾಗದವನ್ನು ಕೊಳ್ಳುವ ಮೊದಲು ವಸ್ತುವನ್ನು ಅದರ ಮೇಲಿಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು ನೋಡುವುದು ಅರ್ಧ ನಿಮಿಷದ ಕೆಲಸ. ಫೋನು ಕೈಯಲ್ಲಿಲ್ಲದಿದ್ದರೆ ಕಣ್ಣನ್ನು ಅರೆಮುಚ್ಚಿ ನೋಡಿ. ಅಂಚು ಕರಗಿದಂತೆ ಕಂಡರೆ ಆ ಕಾಗದ ಎಷ್ಟೇ ಚೆಂದವಿದ್ದರೂ ಆ ವಸ್ತುವಿಗೆ ಒಗ್ಗುವುದಿಲ್ಲ.

ಇನ್ನು ಯಾವುದನ್ನು ಕೊಳ್ಳಬೇಕಾಗಿತ್ತು ಎಂಬ ನಿಮ್ಮ ನೇರ ಪ್ರಶ್ನೆಗೆ ಬರುತ್ತೇನೆ. ಒಂದೇ ಒಂದು ಹಾಳೆ ಕೊಳ್ಳಲು ಹಣವಿದ್ದರೆ ನಾನು ಹೊಳಪಿಲ್ಲದ, ಯಾವ ಕಡೆಗೂ ವಾಲದ ನಡುಮಟ್ಟದ ಬೂದು ಕಾಗದವನ್ನು ಕೊಳ್ಳುತ್ತೇನೆ. ಇದಕ್ಕೆ ಕಾರಣ ರುಚಿಯಲ್ಲ, ಬೆಳಕಿನ ನಿಯಮ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ದೂರ ನಾಲ್ಕರಷ್ಟಾದರೆ ಹದಿನಾರನೆಯ ಒಂದು ಭಾಗಕ್ಕೆ. ದೀಪ ಚೀಲದಿಂದ 50 ಸೆಂಟಿಮೀಟರ್ ದೂರದಲ್ಲಿದ್ದು, ಹಿನ್ನೆಲೆ ಆ ದೀಪದಿಂದ 1 ಮೀಟರ್ ದೂರದಲ್ಲಿದ್ದರೆ ಚೀಲದ ಮೇಲೆ ಬೀಳುವ ಬೆಳಕಿನ ಕಾಲು ಭಾಗ ಮಾತ್ರ ಹಿನ್ನೆಲೆಗೆ ತಲುಪುತ್ತದೆ. ಛಾಯಾಗ್ರಾಹಕರ ಮಾತಿನಲ್ಲಿ ಅದು ಎರಡು ಸ್ಟಾಪ್ ಕಡಿಮೆ; ಬೆಳಕು ಒಮ್ಮೆ ಅರ್ಧವಾದರೆ ಒಂದು ಸ್ಟಾಪ್ ಕಡಿಮೆ, ಇಮ್ಮಡಿಯಾದರೆ ಒಂದು ಸ್ಟಾಪ್ ಹೆಚ್ಚು. ಹಿನ್ನೆಲೆಯನ್ನು 2 ಮೀಟರ್ ದೂರಕ್ಕೆ ಸರಿಸಿದರೆ ನಾಲ್ಕು ಸ್ಟಾಪ್ ಕಡಿಮೆ. ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡಾ 90ರಷ್ಟನ್ನು ಹಿಂದಿರುಗಿಸುತ್ತದೆ, ನಡುಮಟ್ಟದ ಬೂದು ಶೇಕಡಾ 18ರಷ್ಟನ್ನು. ಅಂದರೆ ಎರಡು ಸ್ಟಾಪ್ ಕಡಿಮೆ ಬೆಳಕು ಬಿದ್ದ ಬಿಳಿ ಕಾಗದ ಚಿತ್ರದಲ್ಲಿ ಹೆಚ್ಚುಕಡಿಮೆ ಬೂದು ಕಾಗದದಂತೆಯೇ ಕಾಣುತ್ತದೆ, ನಾಲ್ಕು ಸ್ಟಾಪ್ ಕಡಿಮೆಯಾದರೆ ಕಪ್ಪಿನ ಹತ್ತಿರ ಹೋಗುತ್ತದೆ. ದೊಡ್ಡ ಸಾಫ್ಟ್‌ಬಾಕ್ಸ್ (ದೀಪದ ಬೆಳಕನ್ನು ಹರಡಿ ಮೃದುವಾಗಿಸುವ ಬಟ್ಟೆಯ ಪೆಟ್ಟಿಗೆ) ತೀರ ಸಮೀಪದಲ್ಲಿದ್ದಾಗ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ದೂರ ಹೆಚ್ಚಿದಂತೆ ಕಾಗದ ಗಾಢವಾಗುತ್ತದೆ ಎಂಬ ಮಾತು ಬದಲಾಗುವುದಿಲ್ಲ.

ಬೂದು ಕಾಗದ ಈ ಏಣಿಯ ನಡುವಿನ ಮೆಟ್ಟಿಲಿನಲ್ಲಿ ನಿಂತಿರುವುದರಿಂದ ಅದನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವುದು ಸುಲಭ. ಅದಕ್ಕೆ ಪ್ರತ್ಯೇಕ ದೀಪ ಹಚ್ಚಿ ಎರಡೂವರೆ ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ಬಿಳಿಯಾಗುತ್ತದೆ, ದೀಪದಿಂದ ದೂರ ಸರಿಸಿ ಬೆಳಕಿಗೆ ಅಡ್ಡ ಹಿಡಿದರೆ ಕಪ್ಪಾಗುತ್ತದೆ, ಆ ಪ್ರತ್ಯೇಕ ದೀಪದ ಮುಂದೆ ಬೆಳಕು ಹಾಯುವ ಬಣ್ಣದ ತೆಳು ಜೆಲ್ ಹಾಳೆ ಕಟ್ಟಿದರೆ ಅದೇ ಬಣ್ಣವನ್ನು ತಳೆಯುತ್ತದೆ. ಜೆಲ್‌ನ ಬಣ್ಣ ಬಿಳಿ ಕಾಗದಕ್ಕಿಂತ ಬೂದಿನ ಮೇಲೆ ತುಂಬಿ ಬರುತ್ತದೆ, ಏಕೆಂದರೆ ಮುಖ್ಯ ದೀಪದಿಂದ ಚೆಲ್ಲಿ ಬರುವ ಬಣ್ಣವಿಲ್ಲದ ಬೆಳಕು ಬಿಳಿಯ ಮೇಲೆ ಬಿದ್ದರೆ ಬಣ್ಣವನ್ನು ತೊಳೆದುಬಿಡುತ್ತದೆ. ಒಂದು ಎಚ್ಚರಿಕೆ ಇದೆ. ಚಿಕ್ಕ ಕೋಣೆಯ ಬಿಳಿ ಗೋಡೆ, ತಾರಸಿಗಳು ಬೆಳಕನ್ನು ಎಲ್ಲ ಕಡೆಗೂ ಹಿಂದಿರುಗಿಸುವುದರಿಂದ ಹಿನ್ನೆಲೆಯನ್ನು ಗಾಢ ಮಾಡಲು ಹೊರಟಾಗ ಅಕ್ಕಪಕ್ಕದ ಗೋಡೆಗೆ ಕಪ್ಪು ಬಟ್ಟೆ ಇಳಿಬಿಡದೆ ಫಲ ಸಿಗುವುದಿಲ್ಲ.

ಬೂದಿನ ನಂತರ ಬಿಳಿ, ಆಮೇಲೆ ಕಪ್ಪು, ಅದಾದ ಮೇಲೆ ನಿಮ್ಮ ಚರ್ಮದ ಬಣ್ಣಗಳಿಗೆ ಹೊಂದುವ ತಿಳಿ ಮರಳು ಬಣ್ಣದಂಥ ಒಂದೇ ಒಂದು ಬಣ್ಣ. ನಿಮ್ಮಲ್ಲಿರುವ ಒಂಬತ್ತರಲ್ಲಿ ಮರಳು ಬಣ್ಣದ್ದನ್ನೂ ಗಾಢ ನೀಲಿಯನ್ನೂ ಉಳಿಸಿಕೊಳ್ಳಿ. ಆ ನೀಲಿಯ ಮುಂದೆ ತಿಳಿಯಾದ, ಹದಮಾಡಿದ ಬಣ್ಣದಲ್ಲೇ ಬಿಟ್ಟ ಚರ್ಮದ ಚೀಲ ಬಹಳ ಚೆನ್ನಾಗಿ ನಿಲ್ಲುತ್ತದೆ.

ಪ್ರಶ್ನೆ: ಬಿಳಿ ಕಾಗದವನ್ನೇ ಬಳಸುತ್ತೇನೆ, ಆದರೆ ಚಿತ್ರದಲ್ಲಿ ಅದು ಮಂಕು ಬೂದಾಗಿ, ಕೆಲವೊಮ್ಮೆ ನೀಲಿ ಛಾಯೆಯಲ್ಲಿ ಬರುತ್ತದೆ. ಆನ್‌ಲೈನ್ ಮಾರಾಟ ತಾಣದವರು ಹಿನ್ನೆಲೆ ಶುದ್ಧ ಬಿಳಿಯಾಗಿಲ್ಲ ಎಂದು ಚಿತ್ರಗಳನ್ನು ತಿರಸ್ಕರಿಸಿದ್ದಾರೆ.

ಉತ್ತರ: ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಎದುರಿಗಿರುವುದು ಬಿಳಿ ಕಾಗದವೋ ಕರಿ ಬಟ್ಟೆಯೋ ತಿಳಿಯದು. ಕಂಡದ್ದನ್ನೆಲ್ಲ ಒಟ್ಟಾರೆ ನಡುಮಟ್ಟದ ಬೂದಿಗೆ ತರುವಂತೆ ಅದನ್ನು ರೂಪಿಸಿರುವುದರಿಂದ ಚೌಕಟ್ಟಿನ ಬಹುಪಾಲು ಬಿಳಿಯಿದ್ದರೆ ಅದು ಬೆಳಕನ್ನು ಕಡಿತಗೊಳಿಸುತ್ತದೆ, ಕಪ್ಪಿದ್ದರೆ ಹೆಚ್ಚಿಸುತ್ತದೆ. ಬಿಳಿ ಹಿನ್ನೆಲೆಗೆ ಎಕ್ಸ್‌ಪೋಷರನ್ನು (ಕ್ಯಾಮೆರಾದೊಳಗೆ ಬಿಡುವ ಬೆಳಕನ್ನು) ಒಂದರಿಂದ ಎರಡು ಸ್ಟಾಪ್ ಹೆಚ್ಚಿಸಬೇಕು. ಇನ್ನೂ ಒಳ್ಳೆಯದೆಂದರೆ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್ ಕ್ರಮದಲ್ಲಿಟ್ಟು, ಚಿತ್ರದಲ್ಲಿ ಗಾಢದಿಂದ ತಿಳಿಯವರೆಗೆ ಯಾವ ಮಟ್ಟ ಎಷ್ಟಿದೆ ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಂ ನೋಡಿಕೊಂಡು ನಿರ್ಧರಿಸುವುದು.

ಮಾರಾಟ ತಾಣಗಳ ನಿಯಮ ನಿಜವಾಗಿಯೂ ಕಟ್ಟುನಿಟ್ಟು. ಉದಾಹರಣೆಗೆ ಅಮೆಜಾನ್ ತನ್ನ ಮುಖ್ಯ ಚಿತ್ರದ ಹಿನ್ನೆಲೆಯಲ್ಲಿ ಕೆಂಪು, ಹಸಿರು, ನೀಲಿ ಮೂರರ ಮೌಲ್ಯವೂ ಗರಿಷ್ಠವಾದ 255 ಆಗಿರಬೇಕೆಂದೂ ವಸ್ತು ಚೌಕಟ್ಟಿನ ಶೇಕಡಾ 85ರಷ್ಟನ್ನು ತುಂಬಿರಬೇಕೆಂದೂ ಕೇಳುತ್ತದೆ. 245 ಇದ್ದರೂ ಕಣ್ಣಿಗೆ ಬಿಳಿಯೇ, ಆದರೆ ತಾಣದ ಪುಟದ ಶುದ್ಧ ಬಿಳಿಯ ಪಕ್ಕದಲ್ಲಿ ಚಿತ್ರದ ಚೌಕ ಮಾಸಿದಂತೆ ಎದ್ದು ಕಾಣುತ್ತದೆ. ಇದನ್ನು ಸಾಧಿಸಲು ಒಂದೇ ದೀಪವನ್ನು ಜೋರು ಮಾಡಿದರೆ ವಸ್ತುವಿನ ವಿವರವೂ ಸುಟ್ಟುಹೋಗುತ್ತದೆ. ಹಿನ್ನೆಲೆಗೆ ತನ್ನದೇ ದೀಪ ಬೇಕು, ಅದು ವಸ್ತುವಿನ ಮೇಲಿನ ಬೆಳಕಿಗಿಂತ ಅರ್ಧದಿಂದ ಒಂದು ಸ್ಟಾಪ್ ಮಾತ್ರ ಹೆಚ್ಚಿರಬೇಕು. ಅದಕ್ಕಿಂತ ಹೆಚ್ಚಾದರೆ ಹಿಂದಿನ ಬೆಳಕು ಲೆನ್ಸಿಗೆ ನುಗ್ಗಿ ಇಡೀ ಚಿತ್ರವನ್ನು ಹಾಲಿನಂತೆ ಮಾಡುತ್ತದೆ, ವಸ್ತುವಿನ ತೆಳು ಅಂಚುಗಳನ್ನು ನುಂಗುತ್ತದೆ. ತಿರಸ್ಕೃತವಾಗುವ ಭಯಕ್ಕೆ ಅನೇಕರು ಮಾಡುವ ತಪ್ಪು ಇದೇ.

ನೀಲಿ ಛಾಯೆಗೆ ಕಾರಣಗಳು ಎರಡಿರಬಹುದು. ಕಿಟಕಿಯ ಬೆಳಕು ಮತ್ತು ದೀಪದ ಬೆಳಕು ಬೆರೆತಿದ್ದರೆ ಒಂದನ್ನು ಮುಚ್ಚಬೇಕು. ಎರಡರ ಬಣ್ಣವನ್ನೂ ಒಟ್ಟಿಗೆ ತಿದ್ದುವ ವೈಟ್ ಬ್ಯಾಲೆನ್ಸ್ (ದೀಪದ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿಯೇ ಕಾಣಿಸುವ ಕ್ಯಾಮೆರಾ ಹೊಂದಾಣಿಕೆ) ಇಲ್ಲ. ಎರಡನೆಯದು ಕಾಗದದೊಳಗೇ ಇರುತ್ತದೆ. ಬರೆಯುವ, ಮುದ್ರಿಸುವ ಬಿಳಿ ಕಾಗದಗಳನ್ನು ಇನ್ನಷ್ಟು ಬಿಳಿ ಕಾಣಿಸಲೆಂದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುವ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಫ್ಲ್ಯಾಶ್‌ನಲ್ಲಿ, ಹಗಲು ಬೆಳಕಿನಲ್ಲಿ ಆ ಕಿರಣ ಇರುವುದರಿಂದ ಅಂಥ ಕಾಗದ ನೀಲಿಯತ್ತ ವಾಲುತ್ತದೆ. ಇದೇ ಕಾರಣಕ್ಕೆ ಹಿನ್ನೆಲೆಯ ಕಾಗದವನ್ನೇ ತೋರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಬಾರದು. ಅದಕ್ಕೆಂದೇ ಸಿಗುವ ಬೂದು ಕಾರ್ಡನ್ನು ವಸ್ತುವಿನ ಜಾಗದಲ್ಲಿಟ್ಟು ಹೊಂದಿಸಿದರೆ ವಸ್ತುವಿನ ಬಣ್ಣ ಸರಿಯಾಗುತ್ತದೆ, ಕಾಗದ ಹೇಗಿದ್ದರೂ ಹೆಚ್ಚಿನ ಬೆಳಕಿನಲ್ಲಿ ಶುದ್ಧ ಬಿಳಿಗೆ ತಲುಪುತ್ತದೆ.

ಪ್ರಶ್ನೆ: ಬಿಳಿ ಪಿಂಗಾಣಿ ಬಟ್ಟಲುಗಳನ್ನು ಬಿಳಿ ಹಿನ್ನೆಲೆಯಲ್ಲಿ ತೋರಿಸಲು ಸಾಧ್ಯವೇ, ಅಥವಾ ಕಪ್ಪನ್ನೇ ಬಳಸಬೇಕೇ?

ಉತ್ತರ: ಸಾಧ್ಯ, ಆದರೆ ಬಟ್ಟಲಿಗೆ ಅಂಚನ್ನು ನೀವೇ ಬರೆಯಬೇಕು. ಚೌಕಟ್ಟಿನ ಹೊರಗೆ, ಬಟ್ಟಲಿನ ಎಡಕ್ಕೂ ಬಲಕ್ಕೂ ಸಾಧ್ಯವಾದಷ್ಟು ಸಮೀಪದಲ್ಲಿ ಎರಡು ಕಪ್ಪು ರಟ್ಟುಗಳನ್ನು ನಿಲ್ಲಿಸಿದರೆ ಮೆರುಗಿನ ಪಿಂಗಾಣಿಯ ಬದಿಗಳಲ್ಲಿ ಅವು ಪ್ರತಿಫಲಿಸಿ ಪೆನ್ಸಿಲಿನಲ್ಲಿ ಎಳೆದಂಥ ತೆಳು ಗಾಢ ಗೆರೆ ಮೂಡುತ್ತದೆ. ತಾಣದ ನಿಯಮದ ಒತ್ತಾಯವಿಲ್ಲದಿದ್ದರೆ ನಾನು ಬಿಳಿ ಪಿಂಗಾಣಿಗೆ ತಿಳಿ ಬೂದನ್ನು ಆರಿಸುತ್ತೇನೆ. ಕಪ್ಪಿನ ಮುಂದೆ ಬಿಳಿ ಬಟ್ಟಲು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ, ಅದರ ನೆರಳು ಕಪ್ಪಿನಲ್ಲಿ ಮುಳುಗಿಹೋಗುವುದರಿಂದ ಬಟ್ಟಲು ನೆಲದ ಮೇಲೆ ಕುಳಿತಿದೆ ಎಂಬ ಭಾವನೆಯೇ ಬರುವುದಿಲ್ಲ. ತಿಳಿ ಬೂದಿನ ಮೇಲೆ ನೆರಳೂ ಉಳಿಯುತ್ತದೆ, ಬಟ್ಟಲಿನ ಅತಿ ಹೊಳಪಿನ ಬಿಂದು ಹಿನ್ನೆಲೆಗಿಂತ ಹೆಚ್ಚು ಬೆಳಗಿ ಅದು ಬಿಳಿಯೆಂಬುದನ್ನು ಸಾರುತ್ತದೆ.

ಪ್ರಶ್ನೆ: ಬಣ್ಣದ ಚಕ್ರದಲ್ಲಿ ಕೆಂಪಿಗೆ ಎದುರು ಹಸಿರು ಎಂದು ಓದಿ, ಒಬ್ಬ ಗ್ರಾಹಕರ ಕೆಂಪು ಉಣ್ಣೆಯ ಶಾಲುಗಳನ್ನು ಹಚ್ಚ ಹಸಿರು ಕಾಗದದ ಮುಂದೆ ಚಿತ್ರಿಸಿದೆ. ಚಿತ್ರ ಕಣ್ಣಿಗೆ ರಾಚುತ್ತದೆ. ತಮ್ಮ ಶಾಲಿನ ಕೆಂಪು ಹೀಗಿಲ್ಲ, ಉಣ್ಣೆಯ ನೇಯ್ಗೆಯೂ ಕಾಣುತ್ತಿಲ್ಲ ಎಂದು ಗ್ರಾಹಕರು ಹೇಳುತ್ತಾರೆ. ಚಕ್ರದ ನಿಯಮ ತಪ್ಪೇ?

ಉತ್ತರ: ನಿಯಮ ತಪ್ಪಲ್ಲ, ಅದು ಅರ್ಧ ಮಾತ್ರ ಹೇಳಿದ ನಿಯಮ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುವುದರಿಂದ ಒಂದೊಂದಾಗಿ ಬಿಡಿಸೋಣ.

ಎದುರು ಬಣ್ಣಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಒಂದು ಇನ್ನೊಂದನ್ನು ಏರಿಸುತ್ತದೆ ಎಂಬುದನ್ನು ವ್ಯವಸ್ಥಿತವಾಗಿ ಪರಿಶೀಲಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರುಲ್. ಪ್ಯಾರಿಸ್ಸಿನ ಗೊಬ್ಲಾಂ ಎಂಬ ಹೆಸರಾಂತ ಚಿತ್ರಕಂಬಳಿ ಕಾರ್ಖಾನೆಯಲ್ಲಿ ಬಣ್ಣಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ಅವನ ಬಳಿಗೆ, ಕಪ್ಪು ನೂಲಿನಲ್ಲಿ ಕಸುವಿಲ್ಲ ಎಂಬ ದೂರು ಬಂದಿತ್ತು. ನೂಲನ್ನು ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಅದರ ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆ ನೂಲುಗಳು ಕಪ್ಪನ್ನು ಮಂಕಾಗಿ ಕಾಣಿಸುತ್ತಿದ್ದವು. ಈ ಪರಿಶೀಲನೆಗಳನ್ನು ಅವನು 1839ರಲ್ಲಿ ಪ್ರಕಟಿಸಿದ. ಹಿನ್ನೆಲೆ ಆರಿಸುವ ನಮಗೆ ಇದರಲ್ಲಿರುವ ಪಾಠವೇನೆಂದರೆ, ವಸ್ತುವಿನ ಬಣ್ಣ ಅಳತೆಯಲ್ಲಿ ಸರಿಯಾಗಿದ್ದರೂ ಪಕ್ಕದ ಬಣ್ಣದಿಂದಾಗಿ ನೋಡುವವರಿಗೆ ಬೇರೆಯಾಗಿ ತೋರಬಹುದು. ಹಚ್ಚ ಹಸಿರಿನ ಮುಂದೆ ನಿಮ್ಮ ಕೆಂಪು ಇರುವುದಕ್ಕಿಂತ ಉರಿಯುತ್ತದೆ, ಕಿತ್ತಳೆಯ ಮುಂದೆ ಅದೇ ಕೆಂಪು ನೇರಳೆಯತ್ತ ಸರಿದಂತೆ ಕಾಣುತ್ತದೆ, ಬೂದಿನ ಮುಂದೆ ತಾನಿರುವಂತೆ ಇರುತ್ತದೆ. ಗ್ರಾಹಕರು ಚಿತ್ರವನ್ನು ನೋಡಿ ಬಣ್ಣಕ್ಕಾಗಿಯೇ ಕೊಳ್ಳುವಂಥ ವಸ್ತುಗಳಿಗೆ, ಅಂದರೆ ಬಟ್ಟೆ, ನೂಲು, ತುಟಿಬಣ್ಣಗಳಂಥವಕ್ಕೆ, ಬಣ್ಣವಿಲ್ಲದ ಹಿನ್ನೆಲೆಯೇ ಪ್ರಾಮಾಣಿಕವಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಂದ ಮಾಲು ಚಿತ್ರದಂತಿಲ್ಲ ಎಂದು ಹಿಂದಿರುಗಿಸುವ ಗ್ರಾಹಕರ ಬೇಸರದಲ್ಲಿ ಹಿನ್ನೆಲೆಗೂ ಪಾಲಿರುತ್ತದೆ.

ರಾಚುವುದಕ್ಕೆ ಕಾರಣ ಎದುರು ಬಣ್ಣಗಳಲ್ಲ, ಎರಡೂ ಪೂರ್ಣ ತೀವ್ರತೆಯಲ್ಲಿದ್ದು ಎರಡೂ ಒಂದೇ ಗಾಢತನದಲ್ಲಿರುವುದು. ಹೀಗಾದಾಗ ಅಂಚು ಕಂಪಿಸಿದಂತೆ ಕಾಣುತ್ತದೆ. ಎದುರು ಬಣ್ಣವನ್ನು ಬಳಸಲೇಬೇಕೆಂದಿದ್ದರೆ ಅದನ್ನು ತಗ್ಗಿಸಿ: ಹಚ್ಚ ಹಸಿರಿನ ಬದಲು ಬೂದು ಬೆರೆತ ತಿಳಿಹಸಿರು, ಅಥವಾ ಕಪ್ಪಿನ ಹತ್ತಿರದ ಕಾಡುಹಸಿರು. ಒಂದು ಬಣ್ಣ ಮಾತಾಡುವಾಗ ಇನ್ನೊಂದು ತಗ್ಗಿದ ದನಿಯಲ್ಲಿರಬೇಕು, ಆ ಮಾತಾಡುವ ಬಣ್ಣ ವಸ್ತುವಿನದ್ದಾಗಿರಬೇಕು.

ನೇಯ್ಗೆ ಕಾಣದಿರುವುದಕ್ಕೆ ಹಿನ್ನೆಲೆ ಕಾರಣವಲ್ಲ. ತೀವ್ರವಾದ ಕೆಂಪು ವಸ್ತುವಿನಲ್ಲಿ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ದಾಖಲಿಸುವ ಕ್ಯಾಮೆರಾದ ಮೂರು ಚಾನೆಲ್‌ಗಳಲ್ಲಿ ಕೆಂಪಿನದೊಂದೇ ತುಂಬಿ ತುಳುಕಿಬಿಡುತ್ತದೆ, ಉಳಿದೆರಡು ಖಾಲಿ ಇರುವುದರಿಂದ ಸಾಮಾನ್ಯ ಹಿಸ್ಟೋಗ್ರಾಂ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ತೆರೆದು, ಕೆಂಪು ಗೆರೆ ಬಲ ಅಂಚಿಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿ ರಾ ಫೈಲಿನಲ್ಲಿ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೆಯೇ ಉಳಿಸುವ ಕಡತದಲ್ಲಿ) ಚಿತ್ರ ತೆಗೆಯಿರಿ. ಜೊತೆಗೆ, ದೊಡ್ಡ ಬಣ್ಣದ ಕಾಗದವಿದ್ದಾಗ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಆ ಬಣ್ಣವನ್ನು ದೀಪದ ದೋಷವೆಂದು ಭಾವಿಸಿ ತಿದ್ದಲು ಹೊರಡುತ್ತದೆ. ಹಸಿರು ಹಿನ್ನೆಲೆಯಲ್ಲಿ ಇಡೀ ಚಿತ್ರವನ್ನು ಗುಲಾಬಿಯತ್ತ ತಳ್ಳುತ್ತದೆ. ನಿಮ್ಮ ಗ್ರಾಹಕರು ಕಂಡ ವ್ಯತ್ಯಾಸದಲ್ಲಿ ಇದರ ಪಾತ್ರವೂ ಇರಬಹುದು. ಬಣ್ಣದ ಹಿನ್ನೆಲೆಯಲ್ಲಿ ಆಟೋವನ್ನು ಎಂದಿಗೂ ನಂಬಬೇಡಿ.

ಪ್ರಶ್ನೆ: ಬೆಳ್ಳಿಯ ಆಭರಣಗಳಿಗೆ ತಿಳಿಗುಲಾಬಿ ಹಿನ್ನೆಲೆ ಹಾಕಿದರೆ ಆಭರಣವೇ ಗುಲಾಬಿಯಾಗುತ್ತದೆ. ಗಾಜಿನ ಸುಗಂಧದ ಸೀಸೆಗಳದ್ದೂ ಇದೇ ಕಥೆ. ಬಣ್ಣದ ಹಿನ್ನೆಲೆಯ ಆಸೆಯನ್ನೇ ಬಿಡಬೇಕೇ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಲೋಹ ಮತ್ತು ಗಾಜಿನ ವಿಷಯದಲ್ಲಿ ಹಿನ್ನೆಲೆ ವಸ್ತುವಿನ ಹಿಂದೆ ಮಾತ್ರ ಇರುವುದಿಲ್ಲ, ವಸ್ತುವಿನ ಒಳಗೂ ಇರುತ್ತದೆ ಎಂಬುದನ್ನು ಒಪ್ಪಿಕೊಂಡು ಕೆಲಸ ಶುರುಮಾಡಬೇಕು. ಮೆರುಗಿನ ಬೆಳ್ಳಿಗೆ ತನ್ನದೆಂಬ ಬಣ್ಣ ಬಹಳ ಕಡಿಮೆ. ಸುತ್ತಲಿನ ಕೋಣೆಯನ್ನು ಅದು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಉಂಗುರದ ಬಾಗಿದ ಮೈಯಲ್ಲಿ ನೆಲ, ಗೋಡೆ, ತಾರಸಿ, ಕ್ಯಾಮೆರಾ, ನೀವು ತೊಟ್ಟ ಅಂಗಿ ಎಲ್ಲವೂ ಸೇರಿರುತ್ತವೆ.

ಆದ್ದರಿಂದ ಗುಲಾಬಿ ಕಾಗದದ ವಿಸ್ತಾರವನ್ನು ಕುಗ್ಗಿಸಿ. ಕ್ಯಾಮೆರಾ ಕಾಣುವಷ್ಟು ಭಾಗದಲ್ಲಿ ಮಾತ್ರ ಗುಲಾಬಿ ಇರಲಿ, ಉಳಿದದ್ದನ್ನು ಬಿಳಿ ಅಥವಾ ಬೂದು ಹಾಳೆಯಿಂದ ಮುಚ್ಚಿ. ಅಗಲ ಕೋನದ ಲೆನ್ಸಿನ ಬದಲು 85 ಅಥವಾ 100 ಮಿಲಿಮೀಟರ್ ಲೆನ್ಸ್ ಬಳಸಿ ದೂರದಿಂದ ಚಿತ್ರಿಸಿದರೆ ಚೌಕಟ್ಟಿನಲ್ಲಿ ಕಾಣುವ ಹಿನ್ನೆಲೆಯ ಅಗಲವೇ ಕಿರಿದಾಗುತ್ತದೆ, ಹಾಗಾಗಿ ಚಿಕ್ಕ ತುಂಡು ಕಾಗದವೇ ಸಾಕಾಗುತ್ತದೆ. ಆಭರಣವನ್ನು ಕಾಗದದ ಮೇಲೆ ಮಲಗಿಸದೆ ಪಾರದರ್ಶಕ ಅಕ್ರಿಲಿಕ್ ತುಂಡಿನ ಮೇಲೆ ಎತ್ತರಿಸಿ, ಕಾಗದದಿಂದ ಒಂದಿಷ್ಟು ದೂರ ತಂದರೆ ಬಣ್ಣದ ಚೆಲ್ಲಾಟ ಬೇಗನೆ ತಗ್ಗುತ್ತದೆ. ಸುತ್ತ ನಿಲ್ಲಿಸಿದ ಬಿಳಿ ಥರ್ಮೋಕೋಲ್ ಹಾಳೆಗಳು ಬೆಳ್ಳಿಯ ಮೈಗೆ ಬೆಳಕನ್ನೂ, ನಡುವೆ ಇಟ್ಟ ಕಿರಿದಾದ ಕಪ್ಪು ಪಟ್ಟಿಗಳು ಅದಕ್ಕೆ ಆಕಾರವನ್ನೂ ಕೊಡುತ್ತವೆ. ಇಷ್ಟರ ಮೇಲೂ ಅಂಚಿನಲ್ಲಿ ಒಂದೆಳೆ ಗುಲಾಬಿ ಉಳಿದರೆ ಅದನ್ನು ಅಳಿಸಬೇಡಿ. ಆ ಎಳೆಯೇ ಉಂಗುರ ಆ ಜಾಗದಲ್ಲಿ ನಿಜವಾಗಿ ಇತ್ತೆಂದು ಹೇಳುತ್ತದೆ. ಚಿನ್ನದ ವಿಷಯ ತುಸು ಬೇರೆ. ಕೆನೆಬಣ್ಣದ ಹಿನ್ನೆಲೆ ಚಿನ್ನದ ಹಳದಿಗೆ ಬೆಂಬಲವಾಗಿ ಬರುತ್ತದೆ, ನೀಲಿ ಛಾಯೆಯ ಗಾಢ ಬೂದು ಆ ಹಳದಿಯನ್ನು ಎದುರು ನಿಂತು ಏರಿಸುತ್ತದೆ, ಎರಡೂ ಒಪ್ಪುವಂಥವೇ.

ಗಾಜಿಗೆ ಎರಡು ಹಳೆಯ, ನಂಬಲರ್ಹ ದಾರಿಗಳಿವೆ. ಮೊದಲನೆಯದರಲ್ಲಿ ಸೀಸೆಯ ಹಿಂದೆ ಚೌಕಟ್ಟನ್ನಷ್ಟೇ ತುಂಬುವ ಬೆಳಗಿದ ಬಿಳಿ ಹಿನ್ನೆಲೆಯಿರುತ್ತದೆ, ಅದರ ಹೊರಗಿನದೆಲ್ಲ ಕಪ್ಪಾಗಿರುತ್ತದೆ. ಗಾಜಿನ ಅಂಚು ಬೆಳಕನ್ನು ಬಾಗಿಸಿ ಹೊರಗಿನ ಕಪ್ಪನ್ನು ತೋರಿಸುವುದರಿಂದ ಸೀಸೆಯ ಸುತ್ತ ಗಾಢ ಗೆರೆ ಬರುತ್ತದೆ. ಎರಡನೆಯದರಲ್ಲಿ ಇದನ್ನು ತಿರುವುಮುರುವು ಮಾಡಿ, ಸೀಸೆಯ ಹಿಂದೆ ಚೌಕಟ್ಟನ್ನು ತುಂಬುವಷ್ಟು ಕಪ್ಪು ಹಲಗೆಯಿಟ್ಟು, ಅದರ ಅಂಚುಗಳ ಆಚೆಯಿಂದ ಬೆಳಕು ಬರುವಂತೆ ಮಾಡಿದರೆ ಕಪ್ಪಿನ ನಡುವೆ ಗಾಜಿನ ಅಂಚುಗಳು ಬೆಳಗುತ್ತವೆ. ಈ ಎರಡರಲ್ಲೂ ಬಿಳಿಯ ಜಾಗದಲ್ಲಿ ತಿಳಿ ಬಣ್ಣವನ್ನೂ ಕಪ್ಪಿನ ಜಾಗದಲ್ಲಿ ಗಾಢ ಬಣ್ಣವನ್ನೂ ಇಡಬಹುದು, ಅಂತರ ಉಳಿದರಾಯಿತು. ದ್ರವ ತುಂಬಿದ ದುಂಡು ಸೀಸೆ ಸ್ವತಃ ಒಂದು ಲೆನ್ಸ್ ಆಗಿ ಹಿನ್ನೆಲೆಯನ್ನು ಎಡ-ಬಲ ತಿರುಗಿಸಿ ತೋರಿಸುತ್ತದೆ. ಎಡಕ್ಕೆ ಗಾಢ, ಬಲಕ್ಕೆ ತಿಳಿಯಾದ ಹಿನ್ನೆಲೆಯಿದ್ದರೆ ಸೀಸೆಯೊಳಗೆ ಅದು ಅದಲುಬದಲಾಗಿರುತ್ತದೆ. ಇದನ್ನು ದೋಷವೆಂದು ತಿದ್ದಲು ಹೋಗಿ ದಿನ ಕಳೆದವರನ್ನು ಕಂಡಿದ್ದೇನೆ. ದ್ರವದ ಬಣ್ಣ ಮಂಕಾಗಿದ್ದರೆ ಸೀಸೆಯದೇ ಆಕಾರಕ್ಕೆ, ಅದಕ್ಕಿಂತ ತುಸು ಚಿಕ್ಕದಾಗಿ ಕತ್ತರಿಸಿದ ಬಿಳಿ ರಟ್ಟನ್ನು ಅದರ ಬೆನ್ನ ಹಿಂದೆ ಮರೆಯಾಗಿ ನಿಲ್ಲಿಸಿ ಅದಕ್ಕೆ ಬೆಳಕು ಕೊಡಿ.

ಪ್ರಶ್ನೆ: ಹಿನ್ನೆಲೆಗೆ ಕಾಗದ, ಬಟ್ಟೆ, ವಿನೈಲ್ ಇವುಗಳಲ್ಲಿ ಯಾವುದು ಉತ್ತಮ?

ಉತ್ತರ: ಬಣ್ಣದ ಶುದ್ಧತೆಗೆ ಹೊಳಪಿಲ್ಲದ ಕಾಗದ. 1.35 ಮೀಟರ್ ಅಗಲದ ರೋಲು ಮೇಜಿನ ಮೇಲಿನ ಎಲ್ಲ ಕೆಲಸಕ್ಕೂ ಸಾಲುತ್ತದೆ, 2.72 ಮೀಟರಿನದ್ದು ಆಳೆತ್ತರದ ಚಿತ್ರಗಳಿಗೆ. ಕೊಳೆಯಾದರೆ ಆ ತುಂಡನ್ನು ಕತ್ತರಿಸಿ ಮುಂದಿನದನ್ನು ಬಿಚ್ಚಬಹುದು. ರೋಲನ್ನು ನೆಟ್ಟಗೆ ನಿಲ್ಲಿಸಿಡಿ, ಮಲಗಿಸಿಟ್ಟರೆ ನಡುವೆ ಬಾಗಿ ಸುಕ್ಕಿನ ಅಲೆಗಳು ಬರುತ್ತವೆ. ಒರೆಸಿ ಬಳಸಬೇಕಾದ ಕಡೆ ವಿನೈಲ್ ಅನುಕೂಲ, ಆದರೆ ದೀಪ ಓರೆಯಾಗಿ ಬಿದ್ದಾಗ ಅದರ ಮೇಲೆ ಬಿಳಿ ಮಿಂಚು ಕಾಣಿಸಿಕೊಂಡು ಬಣ್ಣ ಮಾಸುತ್ತದೆ. ಕಪ್ಪಿಗೆ ಮಾತ್ರ ನನ್ನ ಆಯ್ಕೆ ಬಟ್ಟೆ, ಅದರಲ್ಲೂ ಮಖಮಲ್ಲು. ಕಪ್ಪು ಕಾಗದ ಬೆಳಕು ಬಿದ್ದಾಗ ಗಾಢ ಬೂದಾಗುತ್ತದೆ, ಮಖಮಲ್ಲಿನ ಎಳೆಗಳು ಬೆಳಕನ್ನು ತಮ್ಮೊಳಗೆ ಸಿಕ್ಕಿಸಿಕೊಂಡು ಕಪ್ಪನ್ನು ಕಪ್ಪಾಗಿಯೇ ಉಳಿಸುತ್ತವೆ. ಚಿತ್ರ ತೆಗೆಯುವ ಮುನ್ನ ಅಂಟುಪಟ್ಟಿಯಿಂದ ಅದರ ಧೂಳನ್ನು ತೆಗೆಯಲು ಮರೆಯಬೇಡಿ.

ಪ್ರಶ್ನೆ: ಯಾವುದೋ ಒಂದು ಹಿನ್ನೆಲೆಯಲ್ಲಿ ಚಿತ್ರ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದ ಬಣ್ಣ ಹಾಕಿಕೊಳ್ಳಬಹುದಲ್ಲವೇ? ಇಷ್ಟು ಶ್ರಮ ಏಕೆ?

ಉತ್ತರ: ರಟ್ಟಿನ ಪೆಟ್ಟಿಗೆ, ಪುಸ್ತಕ, ಮುಚ್ಚಿದ ಡಬ್ಬಿಗಳಂಥ ಗಟ್ಟಿ ಅಂಚಿನ, ಹೊಳಪಿಲ್ಲದ ವಸ್ತುಗಳಿಗೆ ಖಂಡಿತವಾಗಿ ಮಾಡಬಹುದು, ಸಮಯವೂ ಉಳಿಯುತ್ತದೆ. ಆದರೆ ಉಣ್ಣೆಯ ನವಿರು ಎಳೆ, ಗಾಜು, ಜಾಳಿಗೆಯ ಬಟ್ಟೆ, ಮೆರುಗಿನ ಲೋಹ ಇವುಗಳಲ್ಲಿ ಮೂಲ ಹಿನ್ನೆಲೆಯ ಬಣ್ಣ ಅಂಚಿನೊಳಗೆ ಸೇರಿಹೋಗಿರುತ್ತದೆ. ಹಸಿರಿನ ಮುಂದೆ ತೆಗೆದ ಬೆಳ್ಳಿ ಚಮಚವನ್ನು ಕತ್ತರಿಸಿ ಕೆನೆಬಣ್ಣದ ಮೇಲೆ ಇಟ್ಟರೆ ಅದರ ಅಂಚಿನಲ್ಲಿ ಹಸಿರು ಹಾಗೆಯೇ ಉಳಿದಿರುತ್ತದೆ. ಕತ್ತರಿಸುವ ಉದ್ದೇಶವೇ ಇದ್ದರೆ ವಸ್ತುವಿಗಿಂತ ಸ್ಪಷ್ಟವಾಗಿ ತಿಳಿಯಾದ ಅಥವಾ ಗಾಢವಾದ, ಬಣ್ಣವಿಲ್ಲದ ಬೂದಿನ ಮುಂದೆ ತೆಗೆಯಿರಿ. ಉಳಿದುಹೋಗುವ ಬೂದು ಎಳೆ ಯಾವ ಹೊಸ ಬಣ್ಣದ ಮೇಲೂ ಕಣ್ಣಿಗೆ ಚುಚ್ಚುವುದಿಲ್ಲ. ನೆರಳನ್ನು ಮಾತ್ರ ಮೂಲ ಚಿತ್ರದಿಂದಲೇ ಉಳಿಸಿಕೊಳ್ಳಿ. ಬಣ್ಣದ ಕಾಗದದ ಮೇಲೆ ಬೀಳುವ ನೆರಳು ಕಪ್ಪಲ್ಲ, ಆ ಬಣ್ಣದ್ದೇ ಗಾಢ ರೂಪ. ಅದನ್ನು ಮರೆತು ಬೂದು ನೆರಳನ್ನು ಅಂಟಿಸಿದ ಚಿತ್ರ ನೋಡಿದ ಕೂಡಲೇ ನಕಲಿ ಎನಿಸುತ್ತದೆ.

ಹಿನ್ನೆಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲನೆ ಗಾಢವಾಗುವಂತಿದ್ದರೆ ಇನ್ನೊಂದು ಮಾತು. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ ಇರುವುದರಿಂದ ಗಾಢ ಭಾಗದಲ್ಲಿ ಪಟ್ಟಿ ಪಟ್ಟಿಯಾಗಿ ಕಾಣಿಸಬಹುದು. ತಿದ್ದುವ ಕೆಲಸವನ್ನೆಲ್ಲ ರಾ ಫೈಲಿನಿಂದ, ಮೆಟ್ಟಿಲುಗಳು ಇನ್ನೂ ಎಷ್ಟೋ ಹೆಚ್ಚಿರುವ 16 ಬಿಟ್‌ನಲ್ಲಿ ಮುಗಿಸಿ, ಕೊನೆಯಲ್ಲಿ ಹಿನ್ನೆಲೆಗೆ ತೀರ ಸಣ್ಣ ಪ್ರಮಾಣದ ನಾಯ್ಸ್ (ಮರಳಿನಂಥ ಸಣ್ಣ ಕಾಳು) ಸೇರಿಸಿ, ಪರದೆಗಳ ಸಾಮಾನ್ಯ ಬಣ್ಣ ವ್ಯವಸ್ಥೆಯಾದ ಎಸ್‌ಆರ್‌ಜಿಬಿಗೆ ಬದಲಿಸಿದರೆ ಪಟ್ಟಿಗಳು ಕಾಣುವುದಿಲ್ಲ.

ಪ್ರಶ್ನೆ: ನಲವತ್ತು ಬಗೆಯ ಸಾಬೂನುಗಳಿವೆ, ಒಂದೊಂದೂ ಒಂದೊಂದು ಬಣ್ಣ. ಎಲ್ಲಕ್ಕೂ ಒಂದೇ ಹಿನ್ನೆಲೆ ಇರಬೇಕೇ, ಅಥವಾ ಪ್ರತಿಯೊಂದಕ್ಕೂ ಹೊಂದುವ ಬಣ್ಣ ಬೇಕೇ?

ಉತ್ತರ: ನಲವತ್ತು ಸಾಬೂನುಗಳು ಒಂದೇ ಪುಟದಲ್ಲಿ ಸಾಲಾಗಿ ಕಾಣಿಸುವುದಾದರೆ ಒಂದೇ ಹಿನ್ನೆಲೆ ಇರಲಿ. ಕೊಳ್ಳುವವರು ಒಂದನ್ನು ಇನ್ನೊಂದರ ಜೊತೆ ಹೋಲಿಸುವಾಗ ಬದಲಾಗುವುದು ಸಾಬೂನು ಮಾತ್ರವಾಗಿರಬೇಕು. ಸಾಬೂನುಗಳನ್ನೆಲ್ಲ ಒಟ್ಟಿಗೆ ಜೋಡಿಸಿ ಕಪ್ಪು-ಬಿಳುಪು ಚಿತ್ರ ತೆಗೆದು, ಅತಿ ತಿಳಿಯದ್ದರಿಂದಲೂ ಅತಿ ಗಾಢದ್ದರಿಂದಲೂ ಬೇರೆಯಾಗಿ ನಿಲ್ಲುವ ಬೂದಿನ ಮಟ್ಟವನ್ನು ಹುಡುಕಿ. ಎಲ್ಲದರಿಂದಲೂ ಬೇರೆಯಾಗುವ ಮಟ್ಟ ಸಿಗದಿದ್ದರೆ ಎರಡು ಹಿನ್ನೆಲೆಗಳಿಗೆ ಒಪ್ಪಿಕೊಳ್ಳಿ: ತಿಳಿ ಸಾಬೂನುಗಳಿಗೆ ಗಾಢದ್ದು, ಗಾಢ ಸಾಬೂನುಗಳಿಗೆ ತಿಳಿಯದ್ದು, ಆದರೆ ಎರಡೂ ಒಂದೇ ಬಣ್ಣದ ಕುಟುಂಬದವು. ಪ್ರತ್ಯೇಕ ಬಣ್ಣಗಳನ್ನು ಜಾಹೀರಾತಿನ ಬಿಡಿ ಚಿತ್ರಗಳಿಗೆ ಇಟ್ಟುಕೊಳ್ಳಿ.

ಆರು ತಿಂಗಳ ನಂತರ ನಲವತ್ತೊಂದನೆಯ ಸಾಬೂನು ಬಂದಾಗ ಅದೇ ಹಿನ್ನೆಲೆಯನ್ನು ಮತ್ತೆ ಪಡೆಯುವುದೇ ಈ ಕೆಲಸದ ನಿಜವಾದ ಕಷ್ಟ. ಕಾಗದದ ಹೆಸರು ಮತ್ತು ಸಂಖ್ಯೆ, ದೀಪದಿಂದ ಸಾಬೂನಿಗೆ ಮತ್ತು ಕಾಗದಕ್ಕೆ ಇರುವ ದೂರ, ದೀಪದ ಎತ್ತರ ಮತ್ತು ಬಲ, ಕ್ಯಾಮೆರಾದ ಮೂರು ಅಂಕಿಗಳು (ಶಟರ್ ವೇಗ, ಅಪರ್ಚರ್, ಐಎಸ್‌ಒ), ಇವುಗಳ ಜೊತೆಗೆ ಹಿನ್ನೆಲೆಯ ಒಂದು ನಿಗದಿತ ಮೂಲೆಯಲ್ಲಿ ಕಂಪ್ಯೂಟರ್ ತೋರಿಸುವ ಕೆಂಪು, ಹಸಿರು, ನೀಲಿಯ ಮೌಲ್ಯಗಳನ್ನು ಬರೆದಿಡಿ; ನಡುಮಟ್ಟದ ಬೂದಿಗೆ ಅದು ಮೂರರಲ್ಲೂ ಸುಮಾರು 118 ಇರುತ್ತದೆ. ಅದೇ ರೋಲಿನಿಂದ ಅಂಗೈಯಗಲದ ತುಂಡೊಂದನ್ನು ಕತ್ತರಿಸಿ ಬೆಳಕು ಬೀಳದ ಲಕೋಟೆಯಲ್ಲಿ ಇಡಿ, ಏಕೆಂದರೆ ಬಣ್ಣದ ಕಾಗದ ಬೆಳಕಿನಲ್ಲಿ ಮಾಸುತ್ತದೆ, ಹೊಸ ರೋಲಿನ ಛಾಯೆ ಹಳೆಯದಕ್ಕಿಂತ ತುಸು ಬೇರೆಯಿರುವುದೂ ಉಂಟು. ಹೊಸ ರೋಲು ತಂದ ದಿನವೇ ಆ ತುಂಡನ್ನು ಅದರ ಮೇಲಿಟ್ಟು, ನಿಮ್ಮ ಸ್ಟುಡಿಯೋದ ದೀಪದ ಕೆಳಗೆ ಹೋಲಿಸಿ ನೋಡಿ.